ಯೇಸುವಿನ ಬಾಲ್ಯ ಕೇಳಲು ನೆರೂಳಿಗೆ

ಡಿಸೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ನಾವು ಮೂವರು ಡೊಂಬಿವಲಿಯ ಮನೆಯಿಂದ ಹೊರಟೆವು. ನಾನು, ನನ್ನ ಹೆಂಡತಿ ಸರಸ್ವತಿ, ನಮ್ಮ ಮೊಮ್ಮಗಳು ಚಾರ್ವಿ. ಚಾರ್ವಿಗೆ ಒಂಬತ್ತು ವರ್ಷ. ಅಪ್ಪ ಅಮ್ಮ ಇಲ್ಲದೆ ಅವಳು ನಮ್ಮಿಬ್ಬರ ಜೊತೆಯಲ್ಲೇ ಡೊಂಬಿವಲಿ ದಾಟುತ್ತಿರುವುದು ಅದೇ ಮೊದಲು. ಮಗ ಕಂಪನಿ ಕೆಲಸದ ಮೇಲೆ ನಾಗಪುರಕ್ಕೆ ಹೋಗಿದ್ದ. ಸೊಸೆ ಅಶ್ವಿನಿ ಮೈಸೂರಿನವಳು, ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾಳೆ. ನಾಲ್ಕು ಸಲ ಕೇಳಿದ ಮೇಲೆ ಒಪ್ಪಿದ್ದಳು.

"ಮಾವ, ಸ್ಟೇಷನ್ನಲ್ಲಿ ಅವಳ ಕೈ ಮಾತ್ರ ಬಿಡಬೇಡಿ. ಇವತ್ತು ಸರಿಯಾಗಿ ಹೋಗಿ ಬಂದ್ರೆ, ಆಮೇಲೆ ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ ಹೋಗಿ" ಎಂದಳು.

"ನಿನ್ನ ಗಂಡನನ್ನ ಇದೇ ರೈಲಲ್ಲಿ ಹೊತ್ತು ತಿರುಗಿದವ ನಾನು" ಎಂದು ನಾನು ನಕ್ಕೆ. ಎಷ್ಟು ಧೈರ್ಯ ನನಗೆ.

ಹೊರಟ ಕಾರಣ ಹೇಳಬೇಕು. ಚಾರ್ವಿಯ ಶಾಲೆಯಲ್ಲಿ ಒಬ್ಬ ದೊಡ್ಡ ವ್ಯಕ್ತಿಯ ಬಾಲ್ಯದ ಬಗ್ಗೆ ಮಾತನಾಡಿ ಎಂದಿದ್ದರು. ಅದು ಸಿಸ್ಟರ್‌ಗಳು ನಡೆಸುವ ಶಾಲೆ. ಇವಳು ಯೇಸುವನ್ನು ಆರಿಸಿಕೊಂಡಳು. ಆರಿಸಿದ ಮೇಲೆ ತೊಂದರೆ ಶುರುವಾಯಿತು. "ಅಜ್ಜಾ, ಗೋದಲಿಯಲ್ಲಿ ಹುಟ್ಟಿದ. ಆಮೇಲೆ ಏಕದಂ ದಾಡಿ. ಬೀಚ್ ಮೇ ಕ್ಯಾ ಕಿಯಾ, ನಡುವೆ ಏನ್ ಮಾಡ್ದ?" ಎಂದು ನನ್ನನ್ನು ಕೇಳಿದಳು. ನಾಲ್ಕನೇ ಕ್ಲಾಸಿಗೆ ಬಿಟ್ಟು ಹೋಟೆಲು ಸೇರಿದ ನನಗೆ ಎಂತ ಗೊತ್ತು? ದೇವದಾಸನನ್ನು ಕೇಳುವ ಎಂದೆ. ದೇವದಾಸ ಉಡುಪಿ ಕಡೆಯ ಕ್ರೈಸ್ತ. ನೌಪಾಡಾದ ಹೋಟೆಲಿನಲ್ಲಿ ನಾನು ಒಳಗೆ ದೋಸೆ ಹುಯ್ಯುತ್ತಿದ್ದರೆ ಅವನು ಹೊರಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಈಗ ನೆರೂಳಿನಲ್ಲಿ ಮಗನ ಮನೆಯಲ್ಲಿ ಇದ್ದಾನೆ.

ಡೊಂಬಿವಲಿಯಿಂದ ಠಾಣೆ ರೈಲು ಸ್ಟೇಷನ್ನಿಗೆ ಹೋಗಿ, ಅಲ್ಲಿ ಇಳಿದು ನೆರೂಳಿನ ಗಾಡಿ ಹಿಡಿಯಬೇಕು. ಟಿಕೆಟ್ಟು ದೊಡ್ಡವರಿಗೆ ಹದಿನೈದು ರೂಪಾಯಿ. ನಮ್ಮಲ್ಲಿ ಲೋಕಲ್ ರೈಲು ಹತ್ತುವ ಪದ್ಧತಿ ಎಲ್ಲರಿಗೂ ತಿಳಿದದ್ದೇ: ಹೆಂಗಸರು ಲೇಡೀಸ್ ಡಬ್ಬಕ್ಕೆ, ಗಂಡಸರು ಜನರಲ್‌ಗೆ. ಮದುವೆಯಾಗಿ ಬಂದಂದಿನಿಂದ ಸರಸ್ವತಿ ಒಂದು ದಿನವೂ ನನ್ನ ಜೊತೆ ಒಂದೇ ಡಬ್ಬದಲ್ಲಿ ಹೋದವಳಲ್ಲ. ಮಕ್ಕಳು ಎಲ್ಲಿ ಬೇಕಾದರೂ ಹತ್ತಬಹುದು. ಚಾರ್ವಿ ಅಜ್ಜಿಯ ಜೊತೆ ಹೋದಳು. ಠಾಣೆಯಲ್ಲಿ ಇಳಿದಾಗ ಅವಳ ಬಾಯಲ್ಲಿ ಯಾರೋ ಕೊಟ್ಟ ಶೇಂಗಾ ಚಿಕ್ಕಿ ಇತ್ತು.

ಸೇತುವೆ ಹತ್ತಿ ಇಳಿದು ನೆರೂಳಿನ ಪ್ಲಾಟ್‌ಫಾರ್ಮಿಗೆ ಬಂದೆವು. ಚಳಿಗಾಲದ ಬಿಸಿಲು ಹಿತವಾಗಿತ್ತು. ಲೇಡೀಸ್ ಡಬ್ಬ ನಿಲ್ಲುವ ಜಾಗದಲ್ಲಿ ಅಜ್ಜಿ ಮೊಮ್ಮಗಳನ್ನು ನಿಲ್ಲಿಸಿ ನಾನು ಮುಂದೆ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಚಾರ್ವಿ ನನ್ನ ಕಡೆ ಓಡಿ ಬರುವುದು ಕಂಡಿತು. ಅಷ್ಟರಲ್ಲಿ ಗಾಡಿ ಬಂತು, ಜನ ನುಗ್ಗಿದರು. ನಡುವೆ ಅವಳ ಹಳದಿ ಫ್ರಾಕು ಹಿಂದಕ್ಕೆ ತಿರುಗಿದ ಹಾಗೆ ಕಂಡಿತು. ಅಜ್ಜಿಯ ಹತ್ತಿರ ಹೋದಳು ಎಂದು ನಾನು ಹತ್ತಿದೆ. ಅಜ್ಜನ ಹತ್ತಿರ ಸೇರಿದಳು ಎಂದು ಸರಸ್ವತಿ ಹತ್ತಿದಳು.

ಕಿಟಕಿಯ ಸೀಟು ಸಿಕ್ಕಿತ್ತು. ಐರೋಲಿ, ರಬಾಳೆ, ಘಣಸೋಲಿ. ಒಂದು ಕಡೆ ಗುಡ್ಡ, ಒಂದು ಕಡೆ ಗಾಜಿನ ಕಟ್ಟಡಗಳು. ನಾನು ಖುಷಿಯಾಗಿ ನೋಡುತ್ತಾ ಹೋದೆ.

ನೆರೂಳಿನಲ್ಲಿ ಇಳಿದು ಹಿಂದಕ್ಕೆ ನಡೆದೆ. ಸರಸ್ವತಿ ಎದುರಿಗೆ ಬಂದಳು, ಕೈಯಲ್ಲಿ ಚಕ್ಕುಲಿ ಡಬ್ಬಿ.

"ಹೆಣ್ಣೆಲ್ಲಿ?" ಎಂದಳು.

"ನಿನ್ನ ಹತ್ರ ಅಲ್ದಾ?"

"ನನ್ನ ಹತ್ರವಾ? ಅಜ್ಜನ ಸಂಗ್ತಿ ಕೂತ್ಕಣ್ತೆ ಅಂದ್ಳು, ನಿಮ್ ಹತ್ರ ಓಡಿ ಬಂದ್ಳಲ್ಲ."

ಪ್ಲಾಟ್‌ಫಾರ್ಮು ಖಾಲಿಯಾಯಿತು. ನಾನು ಫೋನು ತೆಗೆದು ಅಶ್ವಿನಿಯ ಹೆಸರು ಹುಡುಕಿದೆ, ಒತ್ತಲು ಬೆರಳು ಬರಲಿಲ್ಲ. ನನ್ನ ಮುಖ ನೋಡಿ ಒಬ್ಬ ಕಾಲೇಜು ಹುಡುಗಿ ನಿಂತು ವಿಷಯ ಕೇಳಿದಳು. ತನ್ನ ಫೋನಿನಿಂದಲೇ ರೈಲ್ವೆ ಪೊಲೀಸರಿಗೆ ಹೇಳಿ, "ಅಂಕಲ್, ಗಾಡಿ ಹತ್ತಿದ ಠಾಣೆ ಸ್ಟೇಷನ್ನಿಗೇ ವಾಪಸ್ ಹೋಗಿ. ಮಕ್ಕಳು ಬಿಟ್ಟ ಜಾಗದಲ್ಲೇ ಇರ್ತಾರೆ" ಎಂದು ಹಿಂದಿಯಲ್ಲಿ ಧೈರ್ಯ ಕೊಟ್ಟಳು. ಆ ಕಾಲೇಜು ಹುಡುಗಿಯ ಹೆಸರೂ ಕೇಳಲಿಲ್ಲ. ಎಲ್ಲಿದ್ದರೂ ತಣ್ಣಗಿರಲಿ.

ಠಾಣೆ ಕಡೆಯ ರೈಲು ಬಂದಾಗ ಸರಸ್ವತಿ ನನ್ನ ಹಿಂದೆಯೇ ಜನರಲ್ ಡಬ್ಬ ಹತ್ತಿದಳು. ಗಂಡಸರ ನಡುವೆ ನಿಂತು ನನ್ನ ಅಂಗಿಯ ತೋಳು ಹಿಡಿದುಕೊಂಡಳು. ಯಾರೋ ಎದ್ದು ಜಾಗ ಕೊಟ್ಟರೆ ಕೂರಲಿಲ್ಲ. "ಕೂತ್ರೆ ಗಾಡಿ ಬೇಗ ಹೋಪುದಿಲ್ಲ" ಎಂದಳು. ನಿಂತರೆ ಬೇಗ ಹೋಗುತ್ತದೆಯೋ ಎಂದು ಬೇರೆ ದಿನವಾದರೆ ಕೆಣಕುತ್ತಿದ್ದೆ. ಬಂದ ದಾರಿಯ ಸ್ಟೇಷನ್ನುಗಳೇ ಒಂದೊಂದಾಗಿ ಹಿಂದಕ್ಕೆ ಹೋದವು. ಕಟೀಲಿನ ಅಮ್ಮನಿಗೆ ಹೇಳಿಕೊಂಡೆ. ಗಣಪತಿಗೆ ಹೇಳಿಕೊಂಡೆ. ಯಾರ ಬಾಲ್ಯ ಕೇಳಲು ಹೊರಟಿದ್ದೆವೋ ಅವನಿಗೂ ಹೇಳಿಕೊಂಡೆ, ನಿನಗೂ ಅಜ್ಜ ಇದ್ದಿರಬೇಕಲ್ಲ ಎಂದು.

ಠಾಣೆಯಲ್ಲಿ ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಳದಿ ಫ್ರಾಕು ಕಂಡಿತು. ಸೇತುವೆಯ ಮೆಟ್ಟಿಲ ಬುಡದಲ್ಲಿ ಇಬ್ಬರು ಮಹಿಳಾ ಪೊಲೀಸರು ಕುರ್ಚಿ ಹಾಕಿ ಕುಳಿತಿದ್ದರು. ಅವರ ನಡುವೆ ಸ್ಟೂಲಿನ ಮೇಲೆ ನಮ್ಮ ಚಾರ್ವಿ ಕಾಲು ಆಡಿಸುತ್ತಾ ಮರಾಠಿಯಲ್ಲಿ ಪ್ರಶ್ನೆ ಕೇಳುತ್ತಿದ್ದಳು. ನಿಮಗೆ ಬಂದೂಕು ಯಾಕೆ ಕೊಟ್ಟಿಲ್ಲ, ಕಳ್ಳ ಲೇಡೀಸ್ ಡಬ್ಬಕ್ಕೆ ಹತ್ತಿದರೆ ಗಂಡಸು ಪೊಲೀಸರು ಒಳಗೆ ಬರಬಹುದಾ. ಆ ಇಬ್ಬರೂ ನಕ್ಕು ನಕ್ಕು ಸುಸ್ತಾಗಿದ್ದರು.

ಸರಸ್ವತಿ ಡಬ್ಬಿಯನ್ನು ನನ್ನ ಕೈಗೆ ತುರುಕಿ ಓಡಿದಳು. ಮಂಡಿ ನೋವಿನವಳು ಹಾಗೆ ಓಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಮೊಮ್ಮಗಳನ್ನು ಅಪ್ಪಿಕೊಂಡು, "ಮಗಾ, ನಮ್ಗೆ ಹೀಗೆ ಮಾಡ್ಬಹುದಾ? ಜೀವ ಹೋಯ್ತಲ್ಲ" ಎಂದು ಅಳತೊಡಗಿದಳು.

"ನಾನೇನ್ ಮಾಡ್ದೆ? ಶೂ ಲೇಸ್ ಕಟ್ತಾ ಇದ್ದೆ. ನೀವೇ ಹೋದ್ರಿ. ಮೈಂ ತೋ ಯಹೀಂ ಥೀ, ಇಲ್ಲೇ ಇದ್ದೆ" ಎಂದಳು ಚಾರ್ವಿ.

ಹಿರಿಯ ಪೊಲೀಸಮ್ಮ ನನಗೆ ವಿವರಿಸಿದಳು. ಈ ಹುಡುಗಿ ತಾನಾಗಿಯೇ ಬಂದು ದೂರು ಕೊಟ್ಟಳಂತೆ: ನನ್ನ ಅಜ್ಜ ಅಜ್ಜಿ ಕಳೆದುಹೋಗಿದ್ದಾರೆ, ಅಜ್ಜನ ತಲೆ ಬೋಳು, ಅಜ್ಜಿಯದು ಹಸಿರು ಸೀರೆ, ಇಬ್ಬರಿಗೂ ಮರಾಠಿ ಅರ್ಧಂಬರ್ಧ, ಬೇಗ ಹುಡುಕಿ, ಹೆದರಿಕೊಳ್ಳುತ್ತಾರೆ. "ಆತಾ ಸಾಪಡಲೇ ತುಝೇ ಆಜೀ ಆಜೋಬಾ" ಎಂದು, ನಿನ್ನ ಅಜ್ಜಿ ಅಜ್ಜ ಈಗ ಸಿಕ್ಕಿದರಲ್ಲ ಎಂದು, ಆಕೆ ಚಾರ್ವಿಯ ಕೆನ್ನೆ ತಟ್ಟಿದಳು. ಸಿಕ್ಕವರು ನಾವೇ ಎಂದಾಯಿತು. ನಾನು ಕೈ ಮುಗಿದೆ. ಸರಸ್ವತಿ ಡಬ್ಬಿ ತೆರೆದು ಇಬ್ಬರ ಕೈತುಂಬ ಚಕ್ಕುಲಿ ಹಾಕಿದಳು. ಬೇಡ ಎಂದರೂ ಬಿಡಲಿಲ್ಲ.

ಮನೆಗೆ ಹೋಗುವ ಎಂದು ನಾನು ಹೇಳಿದೆ. ಚಾರ್ವಿ ಒಪ್ಪಲಿಲ್ಲ. ಸೋಮವಾರ ಕ್ಲಾಸಿನಲ್ಲಿ ಏನು ಹೇಳಲಿ ಎಂದಳು. ಮತ್ತೆ ನೆರೂಳಿನ ಗಾಡಿ ಹಿಡಿದೆವು, ಈ ಸಲ ಮೂವರೂ ಒಂದೇ ಬೆಂಚಿನಲ್ಲಿ.

ದೇವದಾಸನ ಮನೆ ತಲುಪುವಾಗ ಊಟದ ಹೊತ್ತು ಮೀರಿತ್ತು. ಶನಿವಾರ ನಾವು ಮೀನು ಕೋಳಿ ಮುಟ್ಟುವುದಿಲ್ಲ ಎಂದು ನೆನಪಿಟ್ಟು ಅವನ ಹೆಂಡತಿ ಲಿಲ್ಲಿಯಮ್ಮ ನೀರುದೋಸೆ, ಬಸಳೆ ಗಸಿ ಮಾಡಿದ್ದರು. ತಡವಾದದ್ದು ಯಾಕೆ ಎಂದರೆ ಗಾಡಿ ತಡ ಎಂದು ಹೇಳಿ ತಪ್ಪಿಸಿಕೊಂಡೆ. ಚಾರ್ವಿ ಬಟ್ಟಲಿಗೆ ಕೈ ಹಾಕುವ ಮೊದಲೇ ಪ್ರಶ್ನೆ ಹಾಕಿದಳು.

"ಗೊತ್ತಿರೋದು ಭಾರೀ ಸ್ವಲ್ಪ ಮಗಾ" ಎಂದ ದೇವದಾಸ. "ಹುಟ್ಟಿದ ಮೇಲೆ ರಾಜನ ಹೆದರಿಕೆಗೆ ಕೂಸನ್ನ ಎತ್ತಿಕೊಂಡು ಐಗುಪ್ತಕ್ಕೆ, ಅಂದ್ರೆ ಈಜಿಪ್ಟಿಗೆ, ಓಡಿದ್ರು. ರಾಜ ಸತ್ತ ಮೇಲೆ ವಾಪಸ್ ಬಂದು ನಜರೇತು ಅಂತ ಒಂದು ಸಣ್ಣ ಹಳ್ಳಿಯಲ್ಲಿ ನಿಂತ್ರು. ತಂದೆ ಬಡಗಿ. ಇವನೂ ಅದೇ ಕೆಲಸ ಕಲಿತ."

"ಇಂಡಿಯಾಕ್ಕೆ ಬಂದಿದ್ನಂತೆ? ಮೊಬೈಲಲ್ಲಿ ಇತ್ತು."

"ಹಾಗೂ ಹೇಳ್ತಾರೆ. ಮಣ್ಣಿನ ಗುಬ್ಬಿ ಮಾಡಿ ಚಪ್ಪಾಳೆ ತಟ್ಟಿದ, ಅವು ಹಾರಿಹೋದ್ವು ಅಂತ್ಲೂ ಹೇಳ್ತಾರೆ. ನಮ್ಮ ಶಾಸ್ತ್ರದಲ್ಲಿ ಅದೆಲ್ಲ ಇಲ್ಲ. ಬಾಲ್ಯದ್ದು ಅಂತ ಇರೋದು ಒಂದೇ ಕಥೆ. ಹನ್ನೆರಡು ವರ್ಷ ಆಗಿದ್ದಾಗ ಹಬ್ಬಕ್ಕೆ ಯೆರೂಸಲೇಮಿಗೆ ಹೋಗಿದ್ರು. ವಾಪಸ್ ಬರುವಾಗ ಇವನು ಅಲ್ಲೇ ಉಳಿದ. ತಾಯಿ ತಂದೆಗೆ ಗೊತ್ತೇ ಆಗಲಿಲ್ಲ."

ಸರಸ್ವತಿ ದೋಸೆ ಮುರಿಯುವುದನ್ನು ನಿಲ್ಲಿಸಿದಳು. "ಗೊತ್ತಾಗ್ದೆ ಇಪ್ಪುದು ಹ್ಯಾಂಗೆ?"

ಲಿಲ್ಲಿಯಮ್ಮ ಹೇಳಿದರು. "ದೊಡ್ಡ ಗುಂಪಲ್ಲಿ ನಡೆದು ಹೋಗೋದಲ್ವಾ ಅಕ್ಕ. ಹೆಂಗಸರದ್ದು ಒಂದು ಗುಂಪು, ಗಂಡಸರದ್ದು ಒಂದು ಗುಂಪು ಅಂತ ನಮ್ಮ ಚರ್ಚಿನ ಅಯ್ಯನವರು ಹೇಳ್ತಿದ್ರು. ಅಪ್ಪನ ಜೊತೆ ಇದ್ದಾನೆ ಅಂತ ಇವಳು, ಅಮ್ಮನ ಜೊತೆ ಇದ್ದಾನೆ ಅಂತ ಅವನು. ಒಂದು ದಿನದ ದಾರಿ ಹೋದ ಮೇಲೆ ನೋಡಿದ್ರೆ ಇಬ್ಬರ ಹತ್ರಾನೂ ಇಲ್ಲ."

ನಾನು ಸರಸ್ವತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಚಾರ್ವಿ ಬಾಯಿ ತೆರೆದಳು, ತೆರೆದೇ ಇಟ್ಟಳು.

"ಆಮೇಲೆ?" ಎಂದೆ.

"ಮೂರು ದಿನ ಆದ ಮೇಲೆ ಸಿಕ್ಕಿದ. ದೇವಾಲಯದಲ್ಲಿ ದೊಡ್ಡ ದೊಡ್ಡ ಪಂಡಿತರ ನಡುವೆ ಕೂತು ಪ್ರಶ್ನೆ ಕೇಳ್ತಾ ಇದ್ದ. ತಾಯಿ ಅತ್ತಳು. ಅವನು, ನನ್ನನ್ನ ಯಾಕೆ ಹುಡುಕಿದ್ರಿ, ನಾನು ಇಲ್ಲೇ ಇರ್ತೇನೆ ಅಂತ ಗೊತ್ತಿರಲಿಲ್ವಾ ಅಂದ."

"ಲೇಡೀಸ್ ಡಬ್ಬಾ, ಜೆಂಟ್ಸ್ ಡಬ್ಬಾ!" ಎಂದು ಚಾರ್ವಿ ಮೇಜು ಬಡಿದಳು. ಬೆಳಿಗ್ಗೆಯ ಸಂಗತಿಯೆಲ್ಲ ಹೊರಗೆ ಬಂತು. ದೇವದಾಸ ನಗುತ್ತಾ ಕಣ್ಣು ಒರೆಸಿಕೊಂಡ. "ಮಾರಾಯ, ಗಾಡಿ ತಡ ಅಂದೆಯಲ್ಲ. ಆ ಪುಣ್ಯಾತ್ಮರಿಗೆ ಮೂರು ದಿನ ಬೇಕಾಯ್ತು. ನೀನು ಊಟಕ್ಕೆ ಮುಂಚೆ ಹುಡುಕಿಕೊಂಡೆ."

ಸರಸ್ವತಿ ಮಾತ್ರ ನಗಲಿಲ್ಲ. "ಮೂರ್ ದಿನ" ಎಂದಳು. "ಆ ತಾಯಿ ಮೂರ್ ದಿನ ಹ್ಯಾಂಗೆ ಬದುಕಿದ್ಳೋ." ದೋಸೆ ಮತ್ತೆ ಮುರಿಯುತ್ತಾ, "ಅಷ್ಟಾದ ಮೇಲೆ ಅವನನ್ನ ಎಲ್ಲಿಗಾದ್ರೂ ಕಳಿಸಿದ್ರಾ?" ಎಂದು ಕೇಳಿದಳು.

"ಬರೆದಿಲ್ಲ ತಂಗಿ" ಎಂದ ದೇವದಾಸ. "ಅವರ ಜೊತೆ ಊರಿಗೆ ಹೋದ, ಹೇಳಿದ ಮಾತು ಕೇಳಿಕೊಂಡು ಇದ್ದ, ದೊಡ್ಡವನಾದ. ಅಷ್ಟೇ. ಮುಂದೆ ಅವನಿಗೆ ಮೂವತ್ತು ಆಗೋವರೆಗೆ ಒಂದಕ್ಷರ ಇಲ್ಲ."

ಅಷ್ಟು ವರ್ಷ ಏನೂ ಬರೆಯದೆ ಬಿಟ್ಟದ್ದು ಚಾರ್ವಿಗೆ ಅನ್ಯಾಯವಾಗಿ ಕಂಡಿತು. ನನಗೆ ಹಾಗೆ ಕಾಣಲಿಲ್ಲ. ಬೆಳಿಗ್ಗೆ ಎದ್ದ, ಉಂಡ, ಮರ ಕೆತ್ತಿದ, ತಾಯಿಗೆ ನೀರು ತಂದ, ಸಂಜೆ ಎಲ್ಲರೂ ಮನೆಯಲ್ಲಿದ್ದರು. ಅಂಥ ದಿನವನ್ನು ಯಾರು ಬರೆಯುತ್ತಾರೆ? ನಮ್ಮ ಮನೆಯಲ್ಲಿ ಅಂಥ ದಿನಗಳು ಎಷ್ಟು ಬಂದು ಹೋದವು, ನಾನು ಒಂದಕ್ಕೂ ಕೈ ಮುಗಿದಿರಲಿಲ್ಲ. ಬಸಳೆ ಗಸಿ ಎರಡನೇ ಸಲ ಬಡಿಸಿಕೊಂಡೆ.

ಹೊರಡುವಾಗ ಲಿಲ್ಲಿಯಮ್ಮ ಕೇಕು ಕಟ್ಟಿಕೊಟ್ಟರು. ಗಾಡಿಯಲ್ಲಿ ಸರಸ್ವತಿ ನನ್ನ ಕಿವಿಯಲ್ಲಿ, "ಅಶ್ವಿನಿಗೆ ಹೇಳೂದು ಬೇಡ. ಇನ್ನು ಹೆಣ್ಣನ್ನ ನಮ್ ಸಂಗ್ತಿ ಕಳಿಸೂದಿಲ್ಲ" ಎಂದಳು. ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ ಎಂದೆ. ಡೊಂಬಿವಲಿ ಬರುವವರೆಗೂ ನಮ್ಮದು ಇತ್ಯರ್ಥವಾಗಲಿಲ್ಲ.

ನಮ್ಮ ಇತ್ಯರ್ಥ ಯಾರಿಗೆ ಬೇಕಿತ್ತು? ಚಾರ್ವಿ ಶೂ ಬಿಚ್ಚುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಳು. ಅಶ್ವಿನಿಯ ಮುಖ ಬಿಳಿಚಿತು. ನನ್ನ ಕಡೆ ನೋಡಿದಳು. "ಹೌದು ಮಗಳೆ, ಕೈ ಬಿಟ್ಟೆ" ಎಂದೆ.

"ಪೊಲೀಸರಿಗೆ ನನ್ನ ನಂಬರ್ ಕೊಡಬೇಕಿತ್ತಲ್ವೇನೇ?" ಎಂದು ಮಗಳನ್ನು ಕೇಳಿದಳು.

"ದಿಯಾ ನಾ, ಕೊಟ್ಟೆ! ಪೊಲೀಸ್ ಆಂಟಿ ಮೂರು ಸಲ ಫೋನ್ ಮಾಡಿದ್ರು. ನೀನು ಕಟ್ ಮಾಡ್ದೆ."

ಅಶ್ವಿನಿ ಫೋನು ತೆಗೆದು ನೋಡಿದಳು. ಸಾಲ ಬೇಕಾ ಎಂದು ಕೇಳುವವರು ಎಂದುಕೊಂಡೆ ಎಂದು ಮೆಲ್ಲಗೆ ಹೇಳಿ ಸೋಫಾದ ಮೇಲೆ ಕುಳಿತುಬಿಟ್ಟಳು. ಸರಸ್ವತಿ ಹೋಗಿ ಪಕ್ಕದಲ್ಲಿ ಕುಳಿತು ಅವಳ ಬೆನ್ನ ಮೇಲೆ ಕೈ ಇಟ್ಟಳು.

"ತುಂಬಾ ಹೆದರಿಕೊಂಡ್ಯಾ ಪುಟ್ಟಾ?" ಎಂದಳು ಅಶ್ವಿನಿ.

"ಥೋಡಾ. ಆಮೇಲೆ ಇಲ್ಲ. ಅಜ್ಜ ಅಜ್ಜಿ ಬರ್ತಾರೆ ಅಲ್ವಾ" ಎಂದು ಚಾರ್ವಿ ಕೇಕಿನ ಪೊಟ್ಟಣ ಬಿಚ್ಚತೊಡಗಿದಳು.

ಆ ಮಾತು ಕೇಳಿ ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಬರುವಾಗ ಅಶ್ವಿನಿ ಚಹಾಕ್ಕೆ ನೀರಿಟ್ಟಿದ್ದಳು. ಬೆನ್ನು ತಿರುಗಿಸಿಕೊಂಡೇ, "ಮಾವ, ಸೋಮವಾರದಿಂದ ಸ್ಕೂಲ್ ಬಸ್ಸಿಂದ ಅವಳನ್ನ ನೀವೇ ಕರ್ಕೊಂಡ್ ಬನ್ನಿ. ನಂಗೆ ಆ ಟೈಮಿಗೆ ಮೀಟಿಂಗ್ ಇರುತ್ತೆ" ಎಂದಳು.

ಸೋಮವಾರ ಮಧ್ಯಾಹ್ನ ಬಸ್ಸಿನ ಹೊತ್ತಿಗೆ ಮುಂಚೆಯೇ ಸ್ಟಾಪಿಗೆ ಹೋಗಿ ನಿಂತೆ. ತಿರುಗಿ ನೋಡಿದರೆ ಸರಸ್ವತಿಯೂ ಮಂಡಿ ಹಿಡಿದುಕೊಂಡು ಬರುತ್ತಿದ್ದಳು. ಆ ಬಸ್ಸಿಗೆ ಇರುವುದು ಒಂದೇ ಬಾಗಿಲು. ಅದರ ಆಚೆ ಒಬ್ಬರು ಈಚೆ ಒಬ್ಬರು ನಿಂತೆವು.