ಹಳೇ ಮಕ್ಕಳು ಮರಳಿ ಬಂದ ದಿನ

ಸ್ಲೇಟಿಗೆ ಉಜ್ಜಿದ ತೊಂಡೆಸೊಪ್ಪಿನ ಹಸಿ ವಾಸನೆ ಎಲ್ಲಿ ಬಂದರೂ ನನ್ನೊಳಗೆ ಆ ಬೆಳಗಿನ ಹೆದರಿಕೆ ಎದ್ದು ಕೂರುತ್ತದೆ. ಹೇರೋಹಳ್ಳಿಯಲ್ಲಿ ಆಗ ಶಾಲೆಗೆಂದು ಬೇರೆ ಕಟ್ಟಡವಿರಲಿಲ್ಲ. ದೊಡ್ಡಪ್ಪನ ಮನೆಯ ಪಡಸಾಲೆಯೇ ಶಾಲೆ. ಈಗ ಆ ಮನೆಯೂ ಇಲ್ಲ. ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಗಳು ಹೊಸ ಕಟ್ಟಡದ ಮುಂದೆ ಸೇರಿದಾಗ, ಈ ಪದ್ಧತಿ ಗುರುಭಕ್ತಿಯಿಂದ ಹುಟ್ಟಿತೆಂದು ಭಾಷಣ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಅದು ಹುಟ್ಟಿದ್ದು ಭಯದಿಂದ. ನಾನು ಅಲ್ಲೇ ಇದ್ದೆ.

ಆ ವರ್ಷ ರಾಗಿ ಕೊಯ್ಲಿನ ಹೊತ್ತಿಗೇ ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರು ಬರುತ್ತಾರೆಂದು ತಿಳಿಯಿತು. ಮಕ್ಕಳೆಲ್ಲ ಹೊಲದಲ್ಲಿದ್ದರು. ಪಡಸಾಲೆ ಖಾಲಿ ಕಂಡರೆ ಶಾಲೆ ಮುಚ್ಚುವುದೇ ಸೈ ಎಂದು ಮೇಷ್ಟ್ರ ಮುಖ ಕಪ್ಪಿಟ್ಟಿತು. "ಮುಚ್ಚಿದ್ರೆ ನೀನು ಮನೇಲಿರು ಕಣೇ, ಹೆಣ್ಣುಮಗೂನ ಬೇರೆ ಊರಿನ ಸ್ಕೂಲಿಗೆ ಅಷ್ಟು ದೂರ ಯಾರು ಕಳಿಸ್ತಾರೆ" ಎಂದು ದೊಡ್ಡಪ್ಪ ಹೇಳಿದ ಮೇಲೆ ನಾನು ಮುದ್ದೆ ಬಿಟ್ಟು ಎದ್ದೆ. ಮೇಷ್ಟ್ರು ಓದು ಮುಗಿಸಿ ಹೋಗಿದ್ದ ಹಳೇ ಮಕ್ಕಳನ್ನು ಕರೆಸಿ, ಬಾರದವರ ಹೆಸರಿಗೆ ಹಾಜರ್ ಎನ್ನಲು ಹೇಳಿಕೊಟ್ಟರು. ಮೀಸೆ ಚಿಗುರಿದ್ದ ಶಿವಣ್ಣನಿಗೆ ಎರಡನೇ ಕ್ಲಾಸಿನ ಹುಡುಗನ ಹೆಸರು ಬಂತು. "ಮೀಸೆ ಏನು ಅಂತ ಕೇಳಿದ್ರೆ ಮಸಿ ಅಂತೀನಿ ಸಾರ್" ಎಂದ. ಯಾರೂ ನಗಲಿಲ್ಲ. ಆ ಬೇಸಿಗೆಯಲ್ಲಷ್ಟೇ ಮದುವೆಯಾಗಿ, ಹಬ್ಬಕ್ಕೆಂದು ತವರಿಗೆ ಬಂದಿದ್ದ ನನ್ನ ಅಕ್ಕ ಗೌರಿಗೆ ರತ್ನಿ ಎಂಬ ಹುಡುಗಿಯ ಹೆಸರು. ತಾಳಿಯನ್ನು ರವಿಕೆಯೊಳಗೆ ಸೇರಿಸಿ, ಕಾಲುಂಗುರ ಕಾಣದಂತೆ ಲಂಗದಡಿ ಪಾದ ಮಡಚಿಕೊಂಡು ನನ್ನ ಪಕ್ಕ ಕೂತಳು.

ಹಾಜರಿ ಹೇಗೋ ಮುಗಿಯಿತು. ಆಮೇಲೆ ಇನ್‌ಸ್ಪೆಕ್ಟರು ಲೆಕ್ಕ ಮಾಡಲು ಅಕ್ಕನನ್ನೇ ಬೋರ್ಡಿಗೆ ಕರೆದರು. ಅವಳು ಹೆಜ್ಜೆಯಿಟ್ಟಾಗ ಕಾಲುಂಗುರ ಕಲ್ಲುಚಪ್ಪಡಿಗೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು. ಮೇಷ್ಟ್ರು ಹಾಜರಿ ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡರು. ಭಾಗಾಕಾರವನ್ನು ಅಕ್ಕ ತಪ್ಪಿಲ್ಲದೆ ಮಾಡಿದಳು. ಇನ್‌ಸ್ಪೆಕ್ಟರು ಲೆಕ್ಕ ನೋಡಲಿಲ್ಲ, ಅವಳ ಪಾದ ನೋಡುತ್ತಿದ್ದರು.

"ಎಷ್ಟನೇ ಕ್ಲಾಸಮ್ಮ ನೀನು?"

"ನಾಲ್ಕು ಸಾರ್. ಆಗ್ಲೇ ಪಾಸಾಗಿದೀನಿ. ಆಮೇಲೆ ಬಿಡಿಸ್ಬಿಟ್ರು."

ಅವರು ಮೇಷ್ಟ್ರಿಂದ ಹಾಜರಿ ಪುಸ್ತಕ ಇಸಿದುಕೊಂಡು ಸಹಿ ಹಾಕಿದರು. ಶಾಲೆ ಉಳಿಯಿತು, ನನ್ನ ಓದೂ.

ಮರುವರ್ಷ ಅದೇ ದಿನಗಳಲ್ಲಿ, ಮತ್ತೆಲ್ಲಿ ಮುಚ್ಚಿಬಿಡುತ್ತಾರೋ ಎಂಬ ದಿಗಿಲಿಗೆ, ಹಳೇ ಮಕ್ಕಳು ಯಾರೂ ಕರೆಯದೆಯೇ ಬಂದರು. ಅಕ್ಕ ಬರಲಿಲ್ಲ, ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ನಾನು ಮುಂದೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು, ಪುರಾವೆಯಿಲ್ಲದ ಮಾತನ್ನು ಯಾರು ಹೇಳಿದರೂ ಒಪ್ಪಿದವಳಲ್ಲ. ಮೊನ್ನೆ ಹಳೇ ಮಕ್ಕಳು ಸೇರಿದ್ದಾಗ, ಭಾಷಣಗಳಿಗೆ ಮೊದಲು, ಆ ವರ್ಷದ ಹಾಜರಿ ಪುಸ್ತಕ ತೆಗೆಸಿ ನೋಡಿದೆ. ಆ ದಿನದ ಸಾಲಿನಲ್ಲಿ ರತ್ನಿ ಹಾಜರಿದ್ದಾಳೆ. ನನ್ನ ಅಕ್ಕನ ಹೆಸರು ಎಲ್ಲೂ ಇಲ್ಲ.