ಹಗ್ಗದಾಚೆಯ ಜಡೆ

ಮುಂಬೈನ ಕಾಂದಿವಲಿಯ ಒಳಾಂಗಣ ಕ್ರೀಡಾಂಗಣದಲ್ಲಿ, ಪ್ರೇಕ್ಷಕರಿಗೆಂದು ಕಟ್ಟಿದ ಹಗ್ಗದ ಈಚೆ, ಮೊದಲ ಸಾಲಿನಲ್ಲಿ ಕೂತಿದ್ದೇವೆ. ತಂಗಿ ಶೈಲಾಳ ಮಗಳು ಸ್ನೇಹಾ ನೇಪಾಳದ ಹುಡುಗಿಯರ ಎದುರು ಡಾಡ್ಜ್‌ಬಾಲ್ ಆಡುತ್ತಿದ್ದಾಳೆ. ಮೊದಲು ಈ ಪಂದ್ಯಾವಳಿ ಶಾಲೆಯ ಮೈದಾನದಲ್ಲಿ ನಡೆಯುತ್ತಿತ್ತಂತೆ. ಮಗಳು ಔಟಾಗಿ ಬಂದಾಗಲೆಲ್ಲ ಶೈಲಾ ಗೆರೆಯ ಪಕ್ಕದಲ್ಲೇ ಕೂತು ಜಡೆ ಬಿಗಿದು ಕಳಿಸುತ್ತಿದ್ದಳು. ಈಗ ಎಷ್ಟೊಂದು ದೇಶಗಳ ತಂಡಗಳು ಬಂದಿವೆ. “ಮಮ್ಮಿ, ಈ ಸಲ ಕೋರ್ಟ್ ಹತ್ರ ಬರಬ್ಯಾಡ, ಪ್ಲೀಸ್” ಎಂದು ಸ್ನೇಹಾ ಮನೆಯಲ್ಲೇ ಹೇಳಿಬಿಟ್ಟಿದ್ದಳು.

ಚೆಂಡು ತಾಗಿ ಸ್ನೇಹಾ ಔಟಾದಳು. ಔಟಾದವರು ಬದಿಗೆ ಸಾಲಾಗಿ ನಿಲ್ಲಬೇಕು. ತಮ್ಮವರು ಎದುರಾಳಿಯ ಚೆಂಡನ್ನು ಕ್ಯಾಚ್ ಹಿಡಿದರೆ ಮೊದಲು ನಿಂತವಳು ಮತ್ತೆ ಒಳಗೆ. ಸ್ನೇಹಾಳ ಕೂದಲು ಬಿಚ್ಚಿ ಕಣ್ಣ ಮೇಲೆ ಬೀಳುತ್ತಿತ್ತು.

“ಹಿಂಗ ಒಳಗ ಹೋದ್ರ ಚೆಂಡ ಹೆಂಗ ಕಾಣತೈತಿ, ಅಕ್ಕಾ?” ಶೈಲಾ ತನ್ನ ಕೈಯಲ್ಲಿದ್ದ ಹೇರ್‌ಬ್ಯಾಂಡನ್ನು ತಿರುವುತ್ತಲೇ ಇದ್ದಳು. ಆದರೆ ಏಳಲಿಲ್ಲ.

ಔಟಾಗಿ ಪಕ್ಕದಲ್ಲೇ ನಿಂತಿದ್ದ ನೇಪಾಳದ ಹುಡುಗಿ ತನ್ನ ಬ್ಯಾಂಡ್ ಬಿಚ್ಚಿ ಸ್ನೇಹಾಳ ಕೂದಲನ್ನು ಬಿಗಿಯಾಗಿ ಕಟ್ಟಿದಳು. ಅಷ್ಟರಲ್ಲಿ ನಮ್ಮವಳೊಬ್ಬಳು ಕ್ಯಾಚ್ ಹಿಡಿದಳು, ಸ್ನೇಹಾ ಒಳಗೆ ಓಡಿದಳು.

ನಾನು ಚಪ್ಪಾಳೆ ತಟ್ಟಿ ತಿರುಗಿದರೆ ಶೈಲಾ ಎದ್ದು ಹಗ್ಗದ ಮೇಲೆ ಬಾಗಿದ್ದಾಳೆ. ಕೂದಲು ಹರಡಿಕೊಂಡು ನಿಂತ ನೇಪಾಳದ ಹುಡುಗಿಯನ್ನು ತೋರಿಸಿ, ಆಚೆ ನಿಂತ ಸ್ವಯಂಸೇವಕಿಯ ಕೈಗೆ ತನ್ನಲ್ಲಿದ್ದ ಬ್ಯಾಂಡ್ ತುರುಕುತ್ತಿದ್ದಾಳೆ.

“ಆಪ್‌ಕೀ ಬೇಟಿ ಹೈ, ಆಂಟಿ?” ನಿಮ್ಮ ಮಗಳಾ ಎಂದು ಸ್ವಯಂಸೇವಕಿ ಕೇಳುತ್ತಾಳೆ.

“ಹಾಂ, ಹಾಂ.” ಅವಳ ಸರದಿ ಬರುವ ಮುಂಚೆ ಕೊಡು ಎಂದು ಶೈಲಾ ಅವಸರಪಡಿಸುತ್ತಾಳೆ. “ಜಲ್ದಿ ದೇ ದೋ. ಅಭಿ ಉಸ್‌ಕಾ ನಂಬರ್ ಆಯೇಗಾ.”