ಹುಲ್ಲುಹಾಸಿನ ಮೇಲೆ ಪ್ರೋಸರ್‌ನ ತಿರುವುಗಳು

ನಮ್ಮ ಹೆರಿಫರ್ಡ್‌ಶೈರ್ ಸೀಮೆಗೆ ಇದ್ದವನು ಒಬ್ಬನೇ ಮಹಾಪುರುಷ: ಬ್ರೆಡ್‌ವೆಲ್ ಬಂಗಲೆಯ ತೋಟಗಾರ ಆಂಬ್ರೋಸ್ ಪ್ರೋಸರ್. ಬಂಗಲೆಯ ಮುಂದಿನ ಹುಲ್ಲುಹಾಸನ್ನು ಅವನು ನೇರವಾಗಿ ದಾಟಿದ್ದನ್ನು ಕಂಡವರಿಲ್ಲ. ಹನ್ನೆರಡು ಹೆಜ್ಜೆ ನಡೆದು ದಂಡನಾಯಕನಂತೆ ಎಡಕ್ಕೆ ತಿರುಗುವನು, ಒಂಬತ್ತು ಹೆಜ್ಜೆಗೆ ಬಲಕ್ಕೆ. ತಿರುಗುವಲ್ಲಿ ಎದುರಿಗೆ ಕಲ್ಲಿಲ್ಲ, ಗಿಡವಿಲ್ಲ. ಚಿಮಣಿಗೆ ಬೆಂಕಿ ಬಿದ್ದ ದಿನ ಎರಡು ಬಕೆಟ್ ನೀರು ಹಿಡಿದು ಓಡುವಾಗಲೂ ಒಂದು ತಿರುವನ್ನೂ ಬಿಡಲಿಲ್ಲ. ಮುನ್ನೂರು ವರ್ಷದ ಹಿಂದಿನ ಉದ್ಯಾನದ ದಾರಿಗಳು ಅವನ ಕಾಲಿಗೆ ನೆನಪಿವೆ ಎಂದು ಪಬ್ಬಿನಲ್ಲಿ ಯಾರೋ ಅಂದರು. ಮೂರನೆಯ ಲೋಟದ ಹೊತ್ತಿಗೆ ಅದು ಇತಿಹಾಸವಾಗಿತ್ತು.

ಸೀಮೆಯ ಹಳೆಯ ಉದ್ಯಾನಗಳ ಸಂಘಕ್ಕೆ ಆಗ ನಾನು ಕಾರ್ಯದರ್ಶಿ. ಸಾವಿರದ ಒಂಬೈನೂರ ಎಪ್ಪತ್ತಾರರ ಬೇಸಿಗೆಯಲ್ಲಿ ಮಳೆ ಕೈಕೊಟ್ಟು ಹುಲ್ಲು ಸುಟ್ಟಾಗ, ನೆಲದಡಿ ಹೂತಿದ್ದ ದಾರಿಗಳು ಕಂದು ಗೆರೆಗಳಾಗಿ ಮೇಲೆದ್ದವು. ಟೇಪು ಹಿಡಿದು ಅಳೆದೆವು. ಹನ್ನೆರಡು ಹೆಜ್ಜೆ, ಒಂಬತ್ತು ಹೆಜ್ಜೆ: ಪ್ರೋಸರ್‌ನ ತಿರುವುಗಳೇ! ಅಧ್ಯಕ್ಷೆ ಶ್ರೀಮತಿ ಡೆಲಾಹೆಯವರಿಗೆ ಕಣ್ಣೀರೇ ಬಂತು. ನಾನು ನಲವತ್ತು ಪುಟದ ವರದಿ ಬರೆದೆ. ಆ ಉದ್ಯಾನವನ್ನು ಇದ್ದಂತೆಯೇ ಮತ್ತೆ ಕಟ್ಟುವುದೆಂದು ತೀರ್ಮಾನವಾಯಿತು.

ಅಂಥ ಹಳೆಯ ಉದ್ಯಾನವೆಂದ ಮೇಲೆ ಗೆರೆಗಳೆಲ್ಲ ಕೂಡುವ ನಟ್ಟನಡುವೆ ಕಾರಂಜಿ ಇದ್ದಿರಲೇಬೇಕು. ಆದರೆ ಅಲ್ಲಿದ್ದದ್ದು ಒಂದು ಮುದಿ ಪಿಯರ್ ಮರ. ಅದರ ಹಣ್ಣು ಬಾಯಿಗಿಟ್ಟರೆ ನಾಲಗೆ ಮಡಚಿಕೊಳ್ಳುತ್ತಿತ್ತು. ರಸ ಹಿಂಡಿ ಹುಳಿಸಿ ಮದ್ಯ ಮಾಡಿದರೆ ಮಾತ್ರ ಸ್ವರ್ಗ. ಆ ಜಾತಿಯ ಮರ ಇನ್ನೆಲ್ಲೂ ಉಳಿದಿರಲಿಲ್ಲ. ಪ್ರೋಸರ್ ಟೋಪಿ ತೆಗೆದು ಬಂದು ನಿಂತ.

"ಮರ ತೆಗೀಲೇಬೇಕಾ, ಅಮ್ಮಾವ್ರೇ?"

"ಕಾರಂಜಿ ಜಾಗದಲ್ಲಿ ಬಂದು ಕೂತಿರೋದು ಅದು, ಪ್ರೋಸರ್. ತಪ್ಪು ಮರದ್ದು, ನಮ್ದಲ್ಲ," ಎಂದರು ಶ್ರೀಮತಿ ಡೆಲಾಹೆ.

ಅವನು ನನ್ನ ಮುಖ ನೋಡಿದ. ನಾನು ನಕ್ಷೆ ನೋಡಿದೆ.

ಮರ ಬೀಳಲು ಒಂದು ಬೆಳಗು ಹಿಡಿಯಿತು. ಪ್ರೋಸರ್ ಅಂದು ಗಾಜಿನ ಮನೆಯಿಂದ ಹೊರಗೆ ಬರಲಿಲ್ಲ. ಬುಡ ಅಗೆದರೆ ಕಾರಂಜಿಯ ಒಂದು ಇಟ್ಟಿಗೆಯೂ ಇಲ್ಲ. ಬೇರಿನ ನಡುವೆ ತುಕ್ಕು ಹಿಡಿದ ಒಂದು ಹೊಗೆಸೊಪ್ಪಿನ ಡಬ್ಬಿ, ಮುಚ್ಚಳದ ಮೇಲೆ ಮೊಳೆಯಿಂದ ಗೀಚಿದ ಹೆಸರು: ಪ್ರೋಸರ್.

ಡಬ್ಬಿ ಹಿಡಿದು ಗಾಜಿನ ಮನೆಗೆ ಹೋದೆ. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ: ಈ ತಿರುವುಗಳನ್ನು ನಿನಗೆ ಕಲಿಸಿದವರು ಯಾರು?

ಅವನು ಡಬ್ಬಿಯನ್ನು ಬಹಳ ಹೊತ್ತು ಅಂಗಿಯ ತೋಳಿಗೆ ಉಜ್ಜಿದ.

"ಇದು ಅಪ್ಪನ ಡಬ್ಬಿ, ಸಾರ್. ಯುದ್ಧದ ಟೈಮಲ್ಲಿ ಊಟಕ್ಕೆ ಅಂತ ಹುಲ್ಲು ಕಿತ್ತು ಅಲ್ಲೆಲ್ಲ ಈರುಳ್ಳಿ ಪಾತಿ ಹಾಕಿದ್ದ. ಪಾತಿ ತುಳಿದ್ರೆ ನನ್ನ ಬೆನ್ನಿಗೆ ಬಾರಿಸ್ತಿದ್ದ. ಪಾತಿ ಮಧ್ಯದ ದಾರಿ ಎಲ್ಲಾ ಮರದ ಹತ್ರಕ್ಕೆ ಬಿಟ್ಟಿದ್ದೂ ಅವನೇ, ನೆರಳಲ್ಲಿ ಕೂತು ಬ್ರೆಡ್ಡು ತಿನ್ನೋಕೆ."